ಎರಡು ಬೆರಳಿನ ಬಿಗಿ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಂದೇಶ್ವರದಿಂದ ಬಸ್ಸು ಹತ್ತಿ ಬಂದು ನನ್ನ ಕಿವಿ ಹಿಂಡುತ್ತಾರೆ. ನನಗೆ ನಲವತ್ತು ದಾಟಿದೆ, ಮೀಸೆ ಅರ್ಧ ಬೆಳ್ಳಗಾಗಿದೆ ಎನ್ನುವುದನ್ನೆಲ್ಲ ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಕ್ಕಲಕೋಟದಲ್ಲಿ ಎಲ್ಲರಿಗೂ ಅವರು ಬಾಯಾರು. ಸಾಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ಬೀಳ್ಕೊಡುವ ದಿನ ನಾನು ಹೇಳಿದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದೆ, ಅದೂ ತಡವರಿಸುತ್ತ. ಅವರ ಮನೆಮಾತು ಕನ್ನಡ, ನನ್ನದೂ ಕನ್ನಡ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅಂದರೆ ಸುಳ್ಳು. ನಾಲ್ಕು ದಿನದಿಂದ ಕೂಡುತ್ತೇನೆ, ಏಳುತ್ತೇನೆ, ಚಹಾ ಕುಡಿಯುತ್ತೇನೆ, ಮತ್ತೆ ಕೂಡುತ್ತೇನೆ.

ಬಾಯಾರು ಹೆಣ್ಣುಮಕ್ಕಳ ಸಾಲಿಯಲ್ಲಿ ಕವಾಯತು ಕಲಿಸುತ್ತಿದ್ದರು. ನಿವೃತ್ತರಾದ ಮರುವಾರವೇ ಸಾಲಿ ನಡೆಸುವ ಸಂಸ್ಥೆಯವರ ಬೆನ್ನು ಹತ್ತಿ, ಸಾಲಿಯ ಹಿಂದೆ ಮುರಿದ ಬೆಂಚು ತುಂಬಿದ್ದ ತಗಡಿನ ಶೆಡ್ಡನ್ನು ಇಸಿದುಕೊಂಡರು. ಬೆಂಚು ಹೊರಗೆ ಹಾಕಿ, ಹಿಂದಿನ ಗೋಡೆಗೆ ಮರಳಿನ ಚೀಲ ಒಟ್ಟಿ, ಹತ್ತು ಮೀಟರು ಅಳೆದು ಸುಣ್ಣದ ಗೆರೆ ಎಳೆದು, ಹುಡುಗಿಯರಿಗೆ ಛರ್ರಾ ಬಂದೂಕಿನಲ್ಲಿ ಗುರಿ ಹೊಡೆಯುವುದನ್ನು ಕಲಿಸತೊಡಗಿದರು. ಕಾಳಿನಷ್ಟು ಸಣ್ಣ ಸೀಸದ ಗುಂಡು ಹಾರಿಸುವ ಗಾಳಿ ಬಂದೂಕು, ಪರವಾನಗಿ ಬೇಕಿಲ್ಲದ್ದು. ನೂಲಿನ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ನಿವೃತ್ತಿಯಾದರೂ ಸೀಟಿ ಇಳಿಯಲಿಲ್ಲ. ನಿಂತಲ್ಲಿ ನಿಂತವರಲ್ಲ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಲೇ ಬಯ್ಯುತ್ತಿದ್ದರು, ಅಡ್ಡಾಡುತ್ತಲೇ ಊಟದ ಡಬ್ಬಿ ಬಿಚ್ಚುತ್ತಿದ್ದರು. ಬೈಗುಳ ಮರಾಠಿಯಲ್ಲಿ, ಹೊಗಳಿಕೆ ಕನ್ನಡದಲ್ಲಿ. ಹೀಗಾಗಿ ಕನ್ನಡದ ಮಾತು ಕಿವಿಗೆ ಬೀಳಲಿ ಎಂದು ಮರಾಠಿ ಹುಡುಗಿಯರೂ ಕಾಯುತ್ತಿದ್ದರು.

ರವಿವಾರ ಮಾತ್ರ ದೊಡ್ಡವರಿಗೂ ಅಲ್ಲಿ ಬಾಗಿಲು ತೆರೆದಿತ್ತು. ನನ್ನನ್ನು ಅಲ್ಲಿಗೆ ಅಟ್ಟಿದವಳು ನನ್ನ ಹೆಂಡತಿ. ನಾನು ಬಸ್ ಡೆಪೊದಲ್ಲಿ ಮೆಕ್ಯಾನಿಕ್. ಕೈ ಒಂದು ಗಳಿಗೆ ಸುಮ್ಮನಿರುವುದಿಲ್ಲ, ಬಾಯಿ ಅದಕ್ಕಿಂತ ಒಂದು ಕೈ ಮೇಲು. ರಜೆಯ ದಿನ ಮನೆಯಲ್ಲಿ ಸುಮ್ಮನೆ ಕೂಡಲಾಗದೆ ಚೆನ್ನಾಗಿರುವ ನಳ ಬಿಚ್ಚಿ ಕೆಡಿಸಿಟ್ಟಾಗ ಅವಳು ಕೈಮುಗಿದಳು. "ಮಾರಾಯ್ರ, ಮನ್ಯಾಗ ನಮ್ಮ ಜೀವಾ ತಿನ್ನೋಕಿಂತ ಬಾಯಾರ ಹಂತ್ಯಾಕ ಹೋಗಿ ಗುಂಡರ ಹೊಡೀರಿ" ಎಂದಳು.

ಮೊದಲನೆಯ ದಿನ ಐದು ನಿಮಿಷದಲ್ಲಿ ಇಪ್ಪತ್ತು ಗುಂಡು ಹಾರಿಸಿದೆ. ಬಾಯಾರು ಗುರಿಯ ಕಾಗದ ತಂದು ನನ್ನ ಮುಂದೆ ಹಿಡಿದರು. ಗುರಿಯನ್ನು ಬಿಟ್ಟು ಉಳಿದೆಲ್ಲ ಕಡೆ ತೂತು ಬಿದ್ದಿತ್ತು.

"ಘಾಯಿ ಕಾಯ್ ಆಹೆ ರೆ ತುಲಾ?" ಎಂದು ಮರಾಠಿಯಲ್ಲಿ ಗದರಿದರು. ಆಮೇಲೆ ಕನ್ನಡಕ್ಕೆ ಹೊರಳಿ, "ಏನ ಗಡಿಬಿಡಿ ತಮ್ಮಾ? ಬಸ್ ತಪ್ಪತೈತೇನು? ಉಸರ ಬಿಡು, ಸಿಟ್ಟ ಬಿಡು, ಆಮ್ಯಾಲ ಗುಂಡ ಬಿಡು" ಎಂದರು.

ಅದು ಅವರ ಮಂತ್ರ. ನನಗೆ ಆ ಮಂತ್ರ ಹತ್ತಲು ಆರು ತಿಂಗಳು ಬೇಕಾಯಿತು. ಆದರೆ ಹತ್ತಿತು. ರವಿವಾರ ಬೆಳಗ್ಗೆ ಒಂದೂವರೆ ತಾಸು ನಾನು ಅಲುಗದೆ ಕೂಡುತ್ತೇನೆ ಎಂದರೆ ಡೆಪೊದಲ್ಲಿ ಯಾರೂ ನಂಬುತ್ತಿರಲಿಲ್ಲ. ಮನೆಯಲ್ಲಿ ಜಗಳ ಕಡಿಮೆಯಾಯಿತು. ನನ್ನ ಸ್ವಂತದ್ದೊಂದು ಸ್ಪ್ರಿಂಗಿನ ಬಂದೂಕು ಕೊಂಡೆ. ಸೋಲಾಪುರದಲ್ಲಿ ದಸರೆಯಾದ ಮೇಲೆ ಒಂದು ಸ್ಪರ್ಧೆ ಇತ್ತು. ಬಂದೂಕನ್ನು ಮೇಜಿನ ಮೇಲೆ ಊರಿ ದುರ್ಬೀನಿನಲ್ಲಿ ನೋಡಿ ಹೊಡೆಯುವ ವಿಭಾಗ. ಅದಕ್ಕೆ ಹೆಸರು ಕೊಟ್ಟೆ. ದುರ್ಬೀನೊಂದು ಬೇಕಾಯಿತು.

ನಾನು ಫೋನಿನಲ್ಲಿ ಒಂದನ್ನು ನೋಡಿಟ್ಟಿದ್ದೆ. ಉದ್ದನ್ನದು, ಒಳಗೆ ಕೆಂಪು ದೀಪ, ಹಸಿರು ದೀಪ, ಜೊತೆಗೆ ಒಂದು ಬ್ಯಾಟರಿ ಫುಕಟ್. ಬಾಯಾರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಇದು ದುರ್ಬೀನೋ, ದೀಪಾವಳಿನೋ?"

"ಭಾಳ ದೊಡ್ಡದ ಕಾಣಸ್ತೈತ್ರಿ ಬಾಯಾರ. ಸೋವಿನೂ ಐತಿ."

"ದೊಡ್ಡದ ಕಾಣೂದು ಬ್ಯಾರೆ, ನಿಚ್ಚಳ ಕಾಣೂದು ಬ್ಯಾರೆ. ಹತ್ತು ಮೀಟರದಾಗ ನೀ ಏನ್ ಚಂದ್ರನ ನೋಡಾಂವೇನು? ಅಷ್ಟ ದೊಡ್ಡದ ಮಾಡಿದ್ರ ನಿನ್ನ ನಾಡಿ ಬಡಿಯೂದೂ ಅದರಾಗ ಕುಣೀತೈತಿ. ಅದನ್ನ ನೋಡಿ ಮತ್ತಿಷ್ಟು ಗಡಿಬಿಡಿ ಮಾಡ್ತಿ. ರವಿವಾರ ಮಧ್ಯಾನ ಸೋಲಾಪುರಕ್ಕ ನಡಿ, ನಾನೂ ಬರ್ತೀನಿ."

ಬಸ್ಸಿನಲ್ಲಿ ಸೋಲಾಪುರ ಬರುವತನಕ ಪಾಠ. ಕಡಿಮೆ ಬೆಲೆಯಲ್ಲಿ ಕೊಳ್ಳುವವನು ದೀಪ, ಬಣ್ಣ, ಉದ್ದ ಇವಕ್ಕೆ ದುಡ್ಡು ಸುರಿಯಬಾರದು. ಇದ್ದ ದುಡ್ಡೆಲ್ಲ ಗಾಜಿಗೆ ಹೋಗಬೇಕು. ದೊಡ್ಡ ಬಂದೂಕಿನ ದುರ್ಬೀನು ದೂರಕ್ಕೆ ಮಾಡಿದ್ದು, ಹತ್ತು ಮೀಟರಿನಲ್ಲಿ ಅದಕ್ಕೆ ಎಲ್ಲ ಮಸುಕು; ಹತ್ತಿರದ್ದಕ್ಕೂ ಹೊಂದಿಸಿಕೊಳ್ಳುವಂತೆ ಮುಂದೆ ತಿರುಗುವ ಬಳೆ ಇದ್ದದ್ದೇ ಬೇಕು. ಸ್ಪ್ರಿಂಗಿನ ಬಂದೂಕು ಬಲು ಖೋಡಿ. ಹಿಂದಕ್ಕೊಮ್ಮೆ ಒದೆಯುತ್ತದೆ, ಕೂಡಲೆ ಮುಂದಕ್ಕೊಮ್ಮೆ ಜಗ್ಗುತ್ತದೆ. ದೊಡ್ಡ ಗುಂಡಿನ ಹೊಡೆತ ತಾಳಿದ ದುರ್ಬೀನು ಕೂಡ ಇದರ ಮೇಲೆ ಗುರಿ ಹಿಡಿಯುವ ಒಳಗಿನ ಗೆರೆ ಕಳಚಿಕೊಂಡು ಕೂಡುತ್ತದೆ. ಸ್ಪ್ರಿಂಗಿಗೆ ತಾಳುತ್ತದೆಂದು ಬರೆದು ಕೊಡುವವನ ಹತ್ತಿರವೇ ಕೊಳ್ಳಬೇಕು. ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದ ಮುದುಕರು, "ಬಾಯಿ, ನೀವು ಮಿಲಿಟ್ರ್ಯಾಗ ಇದ್ರೇನ್ರಿ?" ಎಂದು ಕೇಳಿಯೇಬಿಟ್ಟರು. ಬಾಯಾರು ಹಿಂದೆ ತಿರುಗಿ ನೋಡದೆ "ಸಾಲ್ಯಾಗ ಇದ್ನಿರಿ, ಅದರಕಿಂತ ಕಠಿಣ" ಎಂದರು.

ನವಿ ಪೇಠದ ಅಂಗಡಿಯವನು ಮೂರು ದುರ್ಬೀನು ತಂದಿಟ್ಟ. ಬಾಯಾರು ಮೂರನ್ನೂ ಎತ್ತಿಕೊಂಡು ಮೆಟ್ಟಿಲಿಗೆ ಬಂದರು. ಅಂಗಡಿಯ ದೀಪದಲ್ಲಿ ಕತ್ತೆಯೂ ಕುದುರೆಯಾಗಿ ಕಾಣುತ್ತದೆ ಎಂಬುದು ಅವರ ಖಾತ್ರಿ. ಎದುರಿನ ಬಟ್ಟೆ ಅಂಗಡಿಯ ಬೋರ್ಡನ್ನು ಒಂದೊಂದರಲ್ಲೂ ಓದಿದರು, ನನಗೂ ಓದಿಸಿದರು. ನಡುವಿನ ಅಕ್ಷರವನ್ನಲ್ಲ, ಅಂಚಿನಲ್ಲಿ ಬರುವ ಅಕ್ಷರವನ್ನು. ಒಂದರಲ್ಲಿ ಅಂಚಿನ ಅಕ್ಷರಕ್ಕೆ ನೀಲಿ ಹಳದಿ ನೆರಳು ಬರುತ್ತಿತ್ತು. ಅದು ಮರಳಿ ಡಬ್ಬಿಗೆ ಹೋಯಿತು. ಉಳಿದೆರಡನ್ನು ತಮ್ಮ ಪರ್ಸಿನ ಮೇಲೆ ಅಲುಗದಂತೆ ಮಲಗಿಸಿ, ಅಂಗಡಿಯ ಹಿಂಗೋಡೆಯ ಮೇಲಿನ ಒಂದು ಮೊಳೆಯ ಮೇಲೆ ಗೆರೆ ಕೂಡಿಸಿ, ದುರ್ಬೀನು ಮುಟ್ಟದೆ ಬರೀ ತಲೆಯನ್ನು ಮೇಲೆ ಕೆಳಗೆ ಆಡಿಸಿ ನೋಡಿದರು. ಒಂದರಲ್ಲಿ ಬಳೆ ಎಷ್ಟು ತಿರುಗಿಸಿದರೂ ಗೆರೆ ಮೊಳೆಯನ್ನು ಬಿಟ್ಟು ಅತ್ತಿತ್ತ ಹೋಗುತ್ತಿತ್ತು.

"ನೋಡಿದೇನು? ನಿನ್ನ ಕಣ್ಣು ಕೂದಲಷ್ಟ ಸರದ್ರ ಗುಂಡು ಬೆರಳಷ್ಟ ಸರೀತೈತಿ. ಇದೂ ಬ್ಯಾಡ."

ಮೂರನೆಯದನ್ನು ಕಿವಿಯ ಹತ್ತಿರ ಹಿಡಿದು ಮೇಲಿನ ತಿರುಪು ತಿರುಗಿಸುತ್ತ, "ಅಪ್ಪಾ, ಆ ಫ್ಯಾನ್ ಬಂದ್ ಮಾಡಪಾ" ಎಂದರು. ಟಿಕ್, ಟಿಕ್, ಟಿಕ್. ಪ್ರತಿಯೊಂದು ಸಪ್ಪಳವೂ ಬೇರೆಬೇರೆಯಾಗಿ ಕೇಳಬೇಕಂತೆ. ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ, "ಬಾಯಿ, ಲಗ್ನಕ್ಕ ಹುಡುಗೀನ್ನೂ ಇಷ್ಟ ಪರೀಕ್ಷಾ ಮಾಡಂಗಿಲ್ರಿ" ಎಂದು ನಕ್ಕ.

"ಹುಡುಗಿಗೆ ಬಾಯಿ ಐತಿ, ತಪ್ಪಿದ್ರ ತಾನ ಹೇಳ್ತಾಳ. ಇದು ಹೇಳಂಗಿಲ್ಲ."

ಕೊನೆಗೆ ಕೊಂಡದ್ದು ಸಾದಾ ಕರಿಯದು, ಗಿಡ್ಡದ್ದು, ಬಂದೂಕಿನ ಅರ್ಧ ಬೆಲೆಯೂ ಅಲ್ಲ. ಅಂಗಡಿಯವನು ಖುಷಿಯಿಂದ ಚಹಾ ತರಿಸಿದ; ಬಾಯಾರು ಬೇಡವೆಂದರೂ ನಾನೇ ಜುಲುಮೆ ಮಾಡಿದೆ. ನಾವು ಚಹಾ ಕುಡಿಯುತ್ತಿದ್ದಾಗ ನಮ್ಮ ರವಿವಾರದ ಗುಂಪಿನ ಗುಮಾಸ್ತನೊಬ್ಬ ಆ ದಾರಿಯಲ್ಲಿ ಹೋಗುತ್ತಿದ್ದವನು ಒಳಗೆ ಇಣುಕಿ, ನಮಸ್ಕಾರ ಮಾಡಿ ಹೋದ. ಇದೇ ಮಾದರಿಯ ಆರು ದುರ್ಬೀನು ಹುಡುಗಿಯರಿಗೂ ಬೇಕಾಗಬಹುದು ಎಂದು ಬಾಯಾರು ಅಂಗಡಿಯವನಿಗೆ ಹೇಳಿಟ್ಟರು. ಸಂಸ್ಥೆಯ ಕಾರ್ಯದರ್ಶಿಗಳು ಅರ್ಧ ಒಪ್ಪಿದ್ದರು. ನನ್ನ ದುರ್ಬೀನು ಸ್ಪರ್ಧೆಯಲ್ಲಿ ಹೇಗೆ ನಡೆಯುತ್ತದೆ ನೋಡಿ ಪೂರ್ತಿ ಒಪ್ಪುವವರಿದ್ದರು.

ಮರುದಿನ ಸಂಜೆ ಹುಡುಗಿಯರು ಹೋದ ಮೇಲೆ ಶೆಡ್ಡಿನಲ್ಲಿ ಬಾಯಾರು ತಾವೇ ಅದನ್ನು ಬಂದೂಕಿನ ಮೇಲೆ ಕೂಡಿಸಿದರು. ಎರಡು ಉಂಗುರ, ಪ್ರತಿ ಉಂಗುರಕ್ಕೆ ನಾಲ್ಕು ಸಣ್ಣ ಸ್ಕ್ರೂ. ಬಾಗಿದ ಪುಟ್ಟ ಕೀಲಿಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಮಾತ್ರ ಹಿಡಿದು, ಇದನ್ನಿಷ್ಟು ಅದನ್ನಿಷ್ಟು ತಿರುಗಿಸಿದರು. ನನ್ನ ಕೈ ತುರಿಸುತ್ತಿತ್ತು.

"ಇನ್ನೊಂದ ಸುತ್ತು ಬಿಗೀರಿ ಬಾಯಾರ, ಸಡ್ಲ ಆದಾವು."

"ಎರಡ ಬೆರಳಿಗೆ ಸಾಕಾತಂದ್ರ ಸಾಕು. ಬಿಗಿ ಅಂದ್ರ ಗಟ್ಟಿ ಅಲ್ಲ, ತಮ್ಮಾ. ಇದನ್ನ ನೀ ಬಿಚ್ಚಬ್ಯಾಡ. ಬಿಚ್ಚೂದ ಬಂದ್ರ ನನ್ನ ಕರಿ."

ಹತ್ತು ಟಿಕ್ ಮೇಲೆ, ಹತ್ತು ಬಲಕ್ಕೆ, ಹತ್ತು ಕೆಳಗೆ, ಹತ್ತು ಎಡಕ್ಕೆ ತಿರುಗಿಸಿ ಹೊಡೆಸಿದರು. ಕೊನೆಯ ಗುಂಡು ಮೊದಲ ತೂತಿನಲ್ಲೇ ಹೋಯಿತು. ಆಗ ಕನ್ನಡದಲ್ಲಿ "ಛಲೋ ಐತಿ" ಎಂದರು. ಅವತ್ತು ನಾನು ಕುಣಿಯುವುದೊಂದು ಬಾಕಿ.

ಇನ್ನು ನಾನು ಮಾಡಿದ ಘನಕಾರ್ಯ.

ಖಂಡೇನವಮಿಗೆ ನಮ್ಮ ಮನೆಯಲ್ಲಿ ಕುಡುಗೋಲು, ಈಳಿಗೆ, ಹೊಲಿಗೆ ಯಂತ್ರ, ನನ್ನ ಪಾನಾಗಳು ಎಲ್ಲಕ್ಕೂ ಪೂಜೆ. ಆ ವರ್ಷ ಬಂದೂಕೂ ಸಾಲಿನಲ್ಲಿ ಕೂತಿತು. ನಾನು ಡೆಪೊದ ಪೂಜೆಗೆ ಹೋಗಿ ಬರುವುದರೊಳಗೆ ನನ್ನ ತಾಯಿ ಬಂದೂಕಿಗೆ ಚೆಂಡುಹೂವಿನ ಮಾಲೆ ಹಾಕಿ, ದುರ್ಬೀನಿನ ಎರಡೂ ಗಾಜಿಗೆ ಹೆಬ್ಬೆರಳಿನಿಂದ ಭಂಡಾರದ ಅರಿಸಿನ, ಕುಂಕುಮ ಹಚ್ಚಿಟ್ಟಿದ್ದಳು.

"ಅವ್ವಾ, ಏನ ಮಾಡಿದಿ!"

"ಯಾಕೋ? ಅದರ ಕಣ್ಣ ಅಲ್ಲೇನ ಅದು? ಹೊಸಾದು, ದೃಷ್ಟಿ ತಾಕಬಾರದು ಅಂತ ಹಚ್ಚೀನಿ."

ಒಡೆದ ಕಾಯಿಯ ನೀರೂ ಅದರ ಮೇಲೆ ಸಿಡಿದಿತ್ತು. ಪೂಜೆಗೆ ಇಟ್ಟಿದ್ದನ್ನು ಅವತ್ತು ಎತ್ತುವಂತಿಲ್ಲ, ರಾತ್ರಿಯೆಲ್ಲ ಚಡಪಡಿಸಿದೆ. ದಸರೆಯ ಮುಂಜಾನೆ ಗಾಜನ್ನು ನೀರು ಹಚ್ಚಿ ಮೆತ್ತಗೆ ತೊಳೆದೆ. ಗಾಜು ಸ್ವಚ್ಛವಾಯಿತು. ಉಂಗುರದ ಸಂದಿನಲ್ಲಿ ಭಂಡಾರ ಕೂತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ಬಾಯಾರ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಆದರೆ ಹಬ್ಬದ ದಿನ ಯಾಕೆ ಕರೆಯುವುದು, ನಾನೇನು ಸ್ಕ್ರೂ ಬಿಚ್ಚಲಾರದವನೇ ಎಂದು ಉಂಗುರ ಬಿಚ್ಚಿ ಒರೆಸಿ ಮತ್ತೆ ಕೂಡಿಸಿದೆ. ಕೂಡಿಸಿ, ಎರಡು ಬೆರಳಿನಿಂದ ಬಿಗಿದೆ. ಸಮಾಧಾನವಾಗಲಿಲ್ಲ. ನಮ್ಮ ಕಸುಬಿನಲ್ಲಿ ಸಡಿಲು ನಟ್ಟೆಂದರೆ ಬಸ್ಸಿನ ತುಂಬ ಜನರ ಜೀವ. ಗಾಲಿಯ ನಟ್ಟು ಬಿಗಿಯುವಾಗ ಪಾನಾಕ್ಕೆ ಉದ್ದನ್ನ ಪೈಪು ತೊಡಿಸಿ ಮೈಭಾರ ಹಾಕುತ್ತೇವೆ. ಆ ಪುಟ್ಟ ಕೀಲಿಗೂ ಒಂದು ಪೈಪಿನ ತುಂಡು ತೊಡಿಸಿದೆ. ಎಂಟೂ ಸ್ಕ್ರೂ ಕಿರ್ರ್ ಎನ್ನುವವರೆಗೆ ಬಿಗಿದೆ. ಆಗ ಎಷ್ಟು ನೆಮ್ಮದಿಯಾಯಿತೆಂದರೆ, ಹೋಳಿಗೆ ಎರಡು ಹೆಚ್ಚೇ ತಿಂದೆ.

ಸ್ಪರ್ಧೆಯಲ್ಲಿ ಮೊದಲ ನಾಲ್ಕು ಗುಂಡು ಸರಿಯಾಗಿ ಬಿದ್ದವು. ಐದನೆಯದು ಎಡಕ್ಕೆ ಹೋಯಿತು. ತಿರುಪು ತಿರುಗಿಸಿದೆ; ಏನೂ ಆಗಲಿಲ್ಲ. ಮತ್ತೆ ತಿರುಗಿಸಿದೆ, ಒಮ್ಮೆಲೇ ಬಲಕ್ಕೆ ಹಾರಿತು. ಬೆವರು ಕಣ್ಣಿಗಿಳಿಯಿತು. ಹಿಂದೆ ಕುರ್ಚಿಯಲ್ಲಿ ಕಾರ್ಯದರ್ಶಿಗಳು ಕೂತಿದ್ದರು, ಇಬ್ಬರು ಹುಡುಗಿಯರ ತಂದೆತಾಯಿ ಇದ್ದರು, ಗುಮಾಸ್ತ ಇದ್ದ. ಉಸಿರು ಬಿಡಲಿಲ್ಲ, ಸಿಟ್ಟು ಬಿಡಲಿಲ್ಲ, ಬರೀ ಗುಂಡು ಬಿಟ್ಟೆ. ಕೆಳಗಿನಿಂದ ಎರಡನೆಯವನಾದೆ.

ಎದ್ದು ಎಲ್ಲರೆದುರಿಗೆ ಕೂಗಾಡಿದೆ. "ಖೊಟ್ಟಿ ಮಾಲು ಇದು! ಬಾಯಾರ ಆರಿಸಿ ಕೊಡಿಸಿದ್ದು! ನಾ ನೋಡಿದ್ದ ತಗೊಂಡಿದ್ರ ಬೇಶಿತ್ತು!"

ಗುಮಾಸ್ತ ಪಕ್ಕದವರಿಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಅಂಗಡ್ಯಾವ್ರು ಸುಮ್ಮ ಚಹಾ ಕುಡಸ್ತಾರೇನ್ರಿ? ಆರು ದುರ್ಬೀನಿನ ವ್ಯವಹಾರ ಅದು" ಎಂದ.

ಬಾಯಾರು ಅಲ್ಲೇ ಗುರಿಯ ಕಾಗದ ಸುತ್ತಿಡುತ್ತಿದ್ದರು. ಕೆಳಗಿಟ್ಟು ಬಂದರು. ನನ್ನ ಬಂದೂಕು ತೆಗೆದುಕೊಂಡು ಒಮ್ಮೆ ಕಣ್ಣಿಟ್ಟು ನೋಡಿದರು. ಉಂಗುರದ ಮೇಲೆ ಹೆಬ್ಬೆರಳು ಆಡಿಸಿದರು. ನನ್ನ ಮುಖ ನೋಡಿದರು. "ಉಸರ ಬಿಡು, ತಮ್ಮಾ" ಎಂದಷ್ಟೇ ಹೇಳಿ ಬಂದೂಕು ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ಬರುವಾಗ ಬೇರೆ ಸೀಟಿನಲ್ಲಿ ಕೂತರು.

ಮುಂದಿನ ರವಿವಾರ ಜಗಳಕ್ಕೆಂದೇ ನವಿ ಪೇಠಕ್ಕೆ ಹೋದೆ. ಅಂಗಡಿಯವನು ಉಂಗುರ ಬಿಚ್ಚತೊಡಗಿದ. ಒಂದು ಸ್ಕ್ರೂ ಬಿಚ್ಚಲಿಕ್ಕೇ ಬರಲಿಲ್ಲ, ಕೊರೆದು ತೆಗೆದ. ದುರ್ಬೀನಿನ ಕೊಳವೆಯ ಮೇಲೆ ಉಂಗುರ ಇದ್ದ ಎರಡೂ ಕಡೆ ಲೋಹ ಒಳಗೆ ತಗ್ಗಾಗಿ ಹೋಗಿತ್ತು.

"ಯಾರ್ರಿ ಇದನ್ನ ಬಿಗಿದಾವ್ರು? ಟ್ರಕ್ಕಿನ ಗಾಲಿ ಬಿಗಿದಂಗ ಬಿಗಿದಾರ. ಒಳಗಿನ ನಳಿಗಿ ಹಿಡಕೊಂಡು ಕುಂತೈತಿ, ತಿರುಪು ಹೆಂಗ ಕೇಳ್ತೈತ್ರಿ?"

ದುರ್ಬೀನು, ಬಂದೂಕು ಎರಡನ್ನೂ ಚೀಲಕ್ಕೆ ಹಾಕಿದೆ. ಹೊತ್ತುಕೊಂಡು ಹೊರಗೆ ಬಂದೆ. ಬಸ್ಸು ಖಾಲಿ ಇತ್ತು. ಅಕ್ಕಲಕೋಟದವರೆಗೆ ನಿಂತೇ ಬಂದೆ. ಇಳಿದು ನೇರ ಬಾಯಾರ ಮನೆಗೆ ಹೋಗಬೇಕೆಂದುಕೊಂಡಿದ್ದೆ. ನಾಳೆ ಹೋದರಾಯಿತು ಎಂದು ಮನೆಗೆ ಹೋದೆ. ನಾಳೆ ಡ್ಯೂಟಿ ಇತ್ತು. ನಾಡದು ಇನ್ನೇನೋ ಇತ್ತು. ಹದಿನೈದು ದಿನ ಕಳೆದ ಮೇಲೆ, ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೇಳುವುದು ಎನ್ನುವುದೇ ಒಂದು ಕಾರಣವಾಯಿತು. ಥೂ, ನನ್ನ ಬಾಳೇವು! ಕೂಗಾಡುವಾಗ ಅರ್ಧ ನಿಮಿಷ ತಡವಾಗಿರಲಿಲ್ಲ.

ಆರು ದುರ್ಬೀನು ಬರಲಿಲ್ಲ. ಬಾಯಾರಿಗೆ ಕಮಿಷನ್ ಇತ್ತಂತೆ ಎಂಬ ಮಾತು ಡೆಪೊದವರೆಗೂ ಬಂತು. ನನ್ನನ್ನೇ ಸಾಕ್ಷಿಯಾಗಿ ಕೇಳಿದರು. "ನಂಗೇನ ಗೊತ್ತಿಲ್ಲ" ಎಂದು ಬಸ್ಸಿನ ಅಡಿಗೆ ನುಸುಳಿದೆ. ತಂದೆತಾಯಿಗಳು ಹುಡುಗಿಯರನ್ನು ಒಬ್ಬೊಬ್ಬರಾಗಿ ಬಿಡಿಸಿದರು. ನಾನು ರವಿವಾರ ಹೋಗುವುದನ್ನು ಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಬಾಯಾರು ಸಿಕ್ಕಾಗಲೆಲ್ಲ ನಿಂತು ಕೇಳುತ್ತಿದ್ದರು: "ಏನಾರ ಹೇಳೂದೈತೇನ ತಮ್ಮಾ?"

"ಏನಿಲ್ರಿ ಬಾಯಾರ. ಡ್ಯೂಟಿಗೆ ಟೈಮ್ ಆತು" ಎಂದು ನಾನು ನಡೆಯುತ್ತಿದ್ದೆ. ಮತ್ತೆ ಮೊದಲಿನ ಹಾಗೆ ಕೈ ಸುಮ್ಮನಿರದಾಯಿತು. ಮನೆಯಲ್ಲಿ ಮತ್ತೆ ನಳ ಬಿಚ್ಚಿದೆ.

ಎರಡು ವರ್ಷವಾದ ಮೇಲೆ, ಕಳೆದ ತಿಂಗಳು, ಶೆಡ್ಡನ್ನು ಸೈಕಲ್ ಸ್ಟ್ಯಾಂಡ್ ಮಾಡುತ್ತಾರೆಂದೂ ಬಾಯಾರು ನಂದೇಶ್ವರದಲ್ಲಿರುವ ತಂಗಿಯ ಮನೆಗೆ ಹೋಗುತ್ತಾರೆಂದೂ ಕೇಳಿದೆ. ಸಾಲಿಯ ಹಾಲಿನಲ್ಲಿ ಸಣ್ಣದೊಂದು ಬೀಳ್ಕೊಡುಗೆ. ಮೂವತ್ತು ಜನರಿರಬೇಕು. ಒಬ್ಬರಾದ ಮೇಲೊಬ್ಬರು ಶಿಸ್ತು, ಸೇವೆ ಎಂದು ಹೇಳುತ್ತಿದ್ದರು. ನನ್ನ ಮಂಡಿ ಕುಣಿಯುತ್ತಿತ್ತು. ಹೆಂಡತಿ ಕೈಯಿಟ್ಟು ಒತ್ತಿ ಹಿಡಿದಳು. ಯಾರೂ ಕರೆಯದೆ ನಾನು ಎದ್ದು ಮೈಕಿನ ಹತ್ತಿರ ಹೋದೆ. ಕುಂಕುಮ ಹೇಳಿದೆ, ಪೈಪು ಹೇಳಿದೆ, ನವಿ ಪೇಠದಲ್ಲಿ ಕಂಡದ್ದನ್ನು ಹೇಳಿದೆ. ದುರ್ಬೀನು ಖೊಟ್ಟಿಯಲ್ಲ, ನಾನು ಖೊಟ್ಟಿ ಎಂದೆ. ಬಾಯಾರು ಆ ಅಂಗಡಿಯಲ್ಲಿ ಒಂದು ಕಪ್ ಚಹಾ ಬಿಟ್ಟರೆ ಬೇರೇನೂ ಮುಟ್ಟಿಲ್ಲ, ಅದನ್ನೂ ನಾನೇ ಜುಲುಮೆ ಮಾಡಿ ಕುಡಿಸಿದ್ದು ಎಂದೆ. ಪೈಪಿನ ಮಾತಿಗೆ ಯಾರೋ ನಕ್ಕರು, ಆಮೇಲೆ ನಗಲಿಲ್ಲ. ಕಾರ್ಯದರ್ಶಿಗಳು ತಲೆ ತಗ್ಗಿಸಿದರು. ಗುಮಾಸ್ತ ಬಂದಿರಲಿಲ್ಲ.

ಸಭೆ ಮುಗಿದ ಮೇಲೆ ಬಾಯಾರ ಕಾಲು ಮುಟ್ಟಲು ಹೋದೆ. ತೋಳು ಹಿಡಿದು ಎಬ್ಬಿಸಿದರು.

"ನಂಗ ಗೊತ್ತಿತ್ತು. ಅವತ್ತ ಉಂಗರದ ಮ್ಯಾಲ ಕೈ ಇಟ್ಟ ಕೂಡ್ಲೆ ಗೊತ್ತಾತು. ಸ್ಕ್ರೂದ ತಲಿ ಕಿತ್ತು ಹೋಗಿತ್ತು."

"ಮತ್ತ ಯಾಕ ಹೇಳಲಿಲ್ರಿ ಬಾಯಾರ? ಅಷ್ಟ ಮಂದಿ ಮುಂದ ನನ್ನ ಕಪಾಳಕ್ಕೊಂದ ಕೊಡಬೇಕಿತ್ತು."

"ನಾ ಹೇಳಿದ್ರ ನನ್ನ ತಪ್ಪ ಮುಚ್ಚಾಕ ಹೇಳಿದಂಗ ಆಕ್ಕಿತ್ತು. ನೀ ಹೇಳಿದ್ರ ಖರೇ ಆಕ್ಕಿತ್ತು. ಅದಕ ನಿನ್ನ ದಾರಿ ನೋಡಿನಿ."

"ಈಗ ಹೇಳೀನಲ್ರಿ. ನಾಳೆ ಸೆಕ್ರೆಟರಿ ಸಾಹೇಬ್ರ ಮನೀಗೆ ಹೋಗ್ತೀನಿ, ಹುಡುಗ್ಯಾರ ಮನೀಗೂ ಹೋಗ್ತೀನಿ, ಕಾಲ ಬೀಳ್ತೀನಿ. ಶೆಡ್ಡು ಮತ್ತ ಚಾಲೂ ಮಾಡೂಣ್ರಿ."

ಬಾಯಾರು ಅಡ್ಡಾಡದೆ ನಿಂತಿದ್ದರು. ನನ್ನ ತೋಳಿನ ಮೇಲಿನ ಕೈ ತೆಗೆಯಲಿಲ್ಲ.

"ಹೇಳಿದ್ದು ಛಲೋ ಆತು, ತಮ್ಮಾ," ಎಂದರು, ಕನ್ನಡದಲ್ಲೇ. "ಎರಡ ವರ್ಷ ರವಿವಾರಕ್ಕೊಮ್ಮೆ ಆ ಶೆಡ್ಡಿನ ಬಾಗಲಾ ತಗದ ಕುಂತೀನಿ. ಇವತ್ತ ಮುಂಜಾನೆ ಸಂಸ್ಥೇದವ್ರಿಗೆ ಕೀಲಿ ಕೊಟ್ಟ ಬಂದ್ನಿ."